ನಾಯಿಯ ರಕ್ತಪರೀಕ್ಷೆ ದುಂದುವೆಚ್ಚವೇ?

ನಾಯಿ ಸಾಕುವುದಕ್ಕೂ ಲೆಕ್ಕಪತ್ರ ಬೇಕೇ? ಒಂದು ತಲೆಮಾರಿನ ಹಿಂದೆ ಮಾಗಡಿಯ ಅಥವಾ ಕನಕಪುರದ ಯಾವ ರೈತರನ್ನು ಹೀಗೆ ಕೇಳಿದ್ದರೂ ಅವರು ನಕ್ಕುಬಿಡುತ್ತಿದ್ದರು. ಮನೆಯವರು ಉಂಡು ಮಿಕ್ಕ ರಾಗಿಮುದ್ದೆಯೇ ನಾಯಿಯ ಊಟ, ಜಗುಲಿಯೇ ಅದರ ಮನೆ. ಕಾಯಿಲೆ ಬಿದ್ದರೆ ಅದು ಎಲ್ಲಿಯೋ ಹೋಗಿ ಹುಲ್ಲು ತಿಂದು ಬರುತ್ತಿತ್ತು. ಬಾರದಿದ್ದರೆ ಸತ್ತಿತೆಂದು ತಿಳಿಯುತ್ತಿದ್ದರು. ಅದಕ್ಕೊಂದು ಖರ್ಚಿನ ಬಾಬ್ತು ಇರಬಹುದೆಂಬ ಕಲ್ಪನೆಯೇ ಇರಲಿಲ್ಲ.

ಈಗ ಕಾಲ ಬದಲಾಗಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಸೇರಿ 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಸರ್ಕಾರ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಹೆಸರು ಬರುವುದಕ್ಕೆ ಬಹಳ ಮೊದಲೇ ಬೆಂಗಳೂರು ಇಲ್ಲಿಗೆ ಬಂದಿತ್ತು. ಕನಕಪುರ ರಸ್ತೆಯ ಉದ್ದಕ್ಕೂ ತೋಟದ ಮನೆಗಳು ಎದ್ದವು. ಆ ಮನೆಗಳೊಂದಿಗೆ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ತಳಿಗಳು ಬಂದವು. ಅವುಗಳ ಹಿಂದೆಯೇ ಪೊಟ್ಟಣದ ಆಹಾರ, ಲಸಿಕೆಯ ಪುಸ್ತಕ, ಪ್ರಯೋಗಾಲಯದ ವರದಿ ಮತ್ತು ಬಿಲ್ಲುಗಳು ಬಂದವು.

ನಾನು ಸಾಕಿರುವುದು ಒಂದು ನಾಡನಾಯಿ. ವರ್ಷಕ್ಕೊಮ್ಮೆ ಅದರ ರಕ್ತಪರೀಕ್ಷೆ ಮಾಡಿಸುತ್ತೇನೆ ಎಂದಾಗಲೆಲ್ಲ ಬಂಧುಮಿತ್ರರ ಮುಖದಲ್ಲಿ ವ್ಯಂಗ್ಯದ ನಗುವೊಂದು ಸುಳಿಯುತ್ತದೆ. ಆ ನಗುವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಅದರ ಹಿಂದೆ ನ್ಯಾಯವಾದ ಪ್ರಶ್ನೆಯಿದೆ. ಮನುಷ್ಯರೇ ನೋವು ತಡೆಯಲಾಗದೆ ಹೋದಾಗ ಮಾತ್ರ ಆಸ್ಪತ್ರೆಯ ಮೆಟ್ಟಿಲು ಹತ್ತುವ ಊರುಗಳಲ್ಲಿ, ಆರೋಗ್ಯವಾಗಿ ಓಡಾಡಿಕೊಂಡಿರುವ ನಾಯಿಗೆ ತಪಾಸಣೆ ಏಕೆ?

ಮೊದಲ ಉತ್ತರ ವೈದ್ಯಕೀಯವಾದುದು. ನಾಯಿಗೆ ಮಾತು ಬಾರದು. ಅಷ್ಟೇ ಅಲ್ಲ, ಅದು ತನ್ನ ಅಸ್ವಸ್ಥತೆಯನ್ನು ಮರೆಮಾಡುವ ಪ್ರಾಣಿ. ನಮ್ಮ ಸೀಮೆಯಲ್ಲಿ ಉಣ್ಣೆ ಅಥವಾ ಉಣುಗು ಎಂದು ಕರೆಯುವ ಹುಳುವಿನಿಂದ ಹರಡುವ ಎರ್ಲಿಕಿಯಾ ಸೋಂಕನ್ನೇ ನೋಡಿ. ಮೊದಲು ನಾಲ್ಕು ದಿನ ಜ್ವರ, ಊಟ ಬೇಡ. ಆಮೇಲೆ ನಾಯಿ ತಾನಾಗಿಯೇ ಚೇತರಿಸಿಕೊಂಡಂತೆ ಕಾಣುತ್ತದೆ. ರೋಗಾಣು ಮಾತ್ರ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಒಳಗೇ ಉಳಿದು, ಕಡೆಗೆ ಮೂಳೆಮಜ್ಜೆಯನ್ನೇ ಕೆಡಿಸಬಲ್ಲದು. ಜ್ವರದ ದಿನಗಳಲ್ಲಿ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಲೇಪಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಪ್ಲೇಟ್‌ಲೆಟ್ ಎಣಿಸಿದರೆ, ಬಹಳಷ್ಟು ಸಂದರ್ಭಗಳಲ್ಲಿ ಸುಳಿವು ಸಿಗುತ್ತದೆ. ಆಗ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆಯೇ ಸಾಕು. ಮೂತ್ರಪಿಂಡದ ಕಥೆ ಇನ್ನೂ ಕಠಿಣ. ರಕ್ತದಲ್ಲಿ ಕ್ರಿಯಾಟಿನಿನ್ ಅಂಶ ಏರುವ ಹೊತ್ತಿಗೆ ಮೂತ್ರಪಿಂಡಗಳ ಸಾಮರ್ಥ್ಯದ ಸುಮಾರು ಮುಕ್ಕಾಲು ಪಾಲು ಹೋಗಿಯೇ ಬಿಟ್ಟಿರುತ್ತದೆ. ಏಳೆಂಟು ವರ್ಷ ದಾಟಿದ ನಾಯಿಗೆ ಮೂತ್ರ ಮತ್ತು ರಕ್ತದ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮಾಡಿಸಿ, ಹಿಂದಿನ ವರ್ಷದ ಅಂಕಿಯೊಡನೆ ಹೋಲಿಸಿ ನೋಡಬೇಕೆನ್ನುವುದು ಇದಕ್ಕಾಗಿಯೇ.

ಎರಡನೆಯ ಉತ್ತರ ಲೆಕ್ಕಾಚಾರದ್ದು. ದಿನಕ್ಕೆ 10 ರೂಪಾಯಿ ಎತ್ತಿಟ್ಟರೆ ವರ್ಷಕ್ಕೆ 3,650 ರೂಪಾಯಿ. ರೇಬಿಸ್ ಲಸಿಕೆ, ಡಿಸ್ಟೆಂಪರ್ ಮತ್ತು ಪಾರ್ವೊ ಸೇರಿದ ಸಂಯುಕ್ತ ಲಸಿಕೆ, ಜಂತುಹುಳುವಿನ ಮಾತ್ರೆ, ಒಂದು ಸಾಧಾರಣ ರಕ್ತಪರೀಕ್ಷೆ ಇವೆಲ್ಲ ಬಹುಮಟ್ಟಿಗೆ ಈ ಮೊತ್ತದೊಳಗೇ ಮುಗಿಯುತ್ತವೆ. ಲಸಿಕೆ ತಪ್ಪಿಸಿದ ಮರಿಗೆ ಪಾರ್ವೊ ಬಂದು ವಾರವಿಡೀ ಡ್ರಿಪ್ ಹಾಕಿಸಬೇಕಾದರೆ ಆ ಹಣ ಮೊದಲ ಎರಡು ಮೂರು ದಿನಕ್ಕೂ ಸಾಲದೆ ಹೋಗಬಹುದು; ಮರಿ ಉಳಿದೀತೆಂಬ ಭರವಸೆಯೂ ಇಲ್ಲ.

ಹಾಗೆಂದು ಬರೆದುಕೊಟ್ಟ ಪರೀಕ್ಷೆಗಳೆಲ್ಲ ಅಗತ್ಯವೆಂದು ನಾನು ವಾದಿಸುತ್ತಿಲ್ಲ. ಮನುಷ್ಯರ ಆಸ್ಪತ್ರೆಗಳ ‘ಪ್ಯಾಕೇಜ್’ ಸಂಸ್ಕೃತಿ ಸಾಕುಪ್ರಾಣಿಗಳ ಚಿಕಿತ್ಸಾಲಯಗಳಿಗೂ ಕಾಲಿಟ್ಟಿದೆ. ಎರಡು ವರ್ಷದ, ಚಟುವಟಿಕೆಯ ನಾಯಿಗೆ ಸ್ಕ್ಯಾನ್, ಎಕ್ಸ್‌ರೇ, ಹಾರ್ಮೋನು ಪರೀಕ್ಷೆಗಳನ್ನು ಕಾರಣವಿಲ್ಲದೆ ಮಾಡಿಸುವುದರಿಂದ ಬಿಲ್ಲು ಬೆಳೆಯುತ್ತದೆ, ಆಯುಷ್ಯ ಬೆಳೆಯುವುದಿಲ್ಲ. ಇಂಥ ಸಂದರ್ಭದಲ್ಲಿ ವೈದ್ಯರನ್ನು ವಿನಯದಿಂದಲೇ ಒಂದು ಮಾತು ಕೇಳಬೇಕು: ಈ ಪರೀಕ್ಷೆಯ ಫಲಿತಾಂಶ ಹೇಗೇ ಬಂದರೂ ನೀವು ಕೊಡುವ ಚಿಕಿತ್ಸೆ ಬದಲಾಗುತ್ತದೆಯೇ? ಬದಲಾಗದಿದ್ದರೆ ಆ ಪರೀಕ್ಷೆಯನ್ನು ಸದ್ಯಕ್ಕೆ ಮುಂದೂಡಬಹುದು. ತೂಕ ನೋಡುವುದು, ಹಲ್ಲು, ಕಿವಿ, ಚರ್ಮ ಪರೀಕ್ಷಿಸುವುದು, ಮಲಪರೀಕ್ಷೆ ಮಾಡುವುದು ಇವು ಅತ್ಯಂತ ಅಗ್ಗದ ತಪಾಸಣೆಗಳು. ವಿಚಿತ್ರವೆಂದರೆ, ಅವಸರದ ಭೇಟಿಯಲ್ಲಿ ಮೊದಲು ತಪ್ಪಿಹೋಗುವುದೂ ಇವೇ.

ಈವರೆಗೆ ಹೇಳಿದ್ದೆಲ್ಲ ಹಣವಿದ್ದವರ ಮಾತಾಯಿತು. ಕಾವೇರಿ ವನ್ಯಧಾಮದ ಅಂಚಿನಲ್ಲಿ ಕುರಿ ಕಾಯುವವರ, ಸಾವನದುರ್ಗದ ತಪ್ಪಲಲ್ಲಿ ಹೊಲ ಕಾಯುವವರ ನಾಯಿಗಳ ಗತಿಯೇನು? ನಮ್ಮ ಸರ್ಕಾರಿ ಪಶುವೈದ್ಯ ವ್ಯವಸ್ಥೆ ಕಟ್ಟಲ್ಪಟ್ಟಿರುವುದು ಹಾಲಿನ ಸುತ್ತ. ಅದು ತಪ್ಪಲ್ಲ, ಈ ಸೀಮೆಯ ಎಷ್ಟೋ ಮನೆಗಳ ಒಲೆ ಉರಿಯುವುದು ರೇಷ್ಮೆ ಮತ್ತು ಹಾಲಿನ ಹಣದಿಂದ. ಹಸುವಿಗೆ ವಿಮೆಯಿದೆ, ಸಹಕಾರ ಸಂಘವಿದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಪಶು ಆಹಾರಕ್ಕೆ ತೆರಿಗೆಯಿಲ್ಲ, ನಾಯಿ ಬೆಕ್ಕುಗಳ ಪೊಟ್ಟಣದ ಆಹಾರಕ್ಕೆ ಮಾತ್ರ ಶೇ 18 ಎಂದಾಯಿತು. ಹಾಲು ಕೊಡದ, ಮೊಟ್ಟೆಯಿಡದ ನಾಯಿ ಸರ್ಕಾರದ ಕಣ್ಣಿಗೆ ವಿಲಾಸದ ವಸ್ತು. ಆದರೆ ಚಿರತೆಯ ಭಯದ ನಡುವೆ ಮಂದೆ ಕಾಯುವ ನಾಯಿ ವಿಲಾಸವೇ?

ಖರ್ಚಿನ ಭಯ ಜನರನ್ನು ಔಷಧಿ ಅಂಗಡಿಗೆ ತಳ್ಳುತ್ತದೆ. ಮನೆಯಲ್ಲಿ ಮಿಕ್ಕ ನೋವಿನ ಗುಳಿಗೆಯನ್ನು ನಾಯಿಗೂ ನುಂಗಿಸುವುದು ನಮ್ಮಲ್ಲಿ ಹೊಸತಲ್ಲ. ಮನುಷ್ಯರಿಗೆ ಒಗ್ಗುವ ಐಬುಪ್ರೊಫೆನ್ ನಾಯಿಯ ಜಠರದಲ್ಲಿ ಹುಣ್ಣೆಬ್ಬಿಸಿ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಪ್ರಾಣಿಗೆ ಕೊಡುವ ಔಷಧ ಆ ಪ್ರಾಣಿಯಲ್ಲಿಯೇ ನಿಲ್ಲುವುದಿಲ್ಲ ಎಂಬುದಕ್ಕೆ ರಾಮನಗರಕ್ಕಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಣೆಯಾದ ರಾಮದೇವರ ಬೆಟ್ಟ ನಮ್ಮ ಕಣ್ಣೆದುರಿಗೇ ಇದೆ. ದನಗಳಿಗೆ ಕೊಟ್ಟ ಡೈಕ್ಲೊಫೆನಾಕ್ ಅವುಗಳ ಕಳೇಬರ ತಿಂದ ಹದ್ದುಗಳನ್ನು ದೇಶದಾದ್ಯಂತ ಕೊಂದಿತು. 2006ರಲ್ಲಿ ಜಾನುವಾರುಗಳಿಗೆ ಅದರ ಬಳಕೆ ನಿಷೇಧವಾಗುವ ವೇಳೆಗೆ ಹದ್ದುಗಳ ಸಂತತಿ ಬಹುಪಾಲು ಅಳಿದಿತ್ತು. ಹದ್ದುಗಳಿಲ್ಲದೆ ಉಳಿದ ಕಳೇಬರಗಳು ಬೀದಿನಾಯಿಗಳ ಪಾಲಾಗಿ ಅವುಗಳ ಸಂಖ್ಯೆ ಏರಿತು, ಅದರೊಂದಿಗೆ ರೇಬಿಸ್ ಭೀತಿಯೂ ಏರಿತು ಎಂದು ಸಂಶೋಧಕರು ವಾದಿಸಿದ್ದಾರೆ.

ನಾಯಿಯ ಆರೋಗ್ಯ ಖಾಸಗಿ ವ್ಯವಹಾರ ಮಾತ್ರವಲ್ಲ ಎನ್ನುವುದು ಇಲ್ಲಿಯೇ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್‌ಗೆ ಮದ್ದಿಲ್ಲ. ನಾಯಿಗಳಲ್ಲಿ ಶೇ 70ರಷ್ಟಕ್ಕೆ ಲಸಿಕೆಯಾದರೆ ಸೋಂಕಿನ ಸರಪಳಿ ಕಡಿಯಬಹುದೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾಯಿಗಳಿಂದ ಹರಡುವ ರೇಬಿಸ್ಸನ್ನು 2030ರೊಳಗೆ ನಿವಾರಿಸುವ ರಾಷ್ಟ್ರೀಯ ಕಾರ್ಯಯೋಜನೆಯನ್ನು ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿದೆ. ಇಲಿಜ್ವರವೂ ನಾಯಿಯ ಮೂತ್ರದ ಮೂಲಕ ಮನುಷ್ಯನಿಗೆ ತಗಲಬಲ್ಲದು. ಇನ್ನು ಡಿಸ್ಟೆಂಪರ್: 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಈ ವೈರಾಣು ಪತ್ತೆಯಾಗಿತ್ತು. ನಾಯಿಗಳನ್ನು ಬೇಟೆಯಾಡುವ ಚಿರತೆಗಳು ಮಾಗಡಿ, ರಾಮನಗರದ ಬಂಡೆಗಳ ನಡುವೆ ಬದುಕಿರುವಾಗ, ಊರಂಚಿನ ನಾಯಿಗೆ ಹಾಕಿದ ಲಸಿಕೆ ಕಾಡಿಗೂ ಒಂದು ಬೇಲಿಯೇ ಸರಿ.

ಹಾಗಾದರೆ ಇದು ಯಾರ ಹೊಣೆ? ಪಶುಸಂಗೋಪನೆ, ಆರೋಗ್ಯ, ಅರಣ್ಯ ಇಲಾಖೆಗಳು, ಸ್ಥಳೀಯ ಸಂಸ್ಥೆಗಳು ಪ್ರತಿಯೊಂದೂ ಇನ್ನೊಂದರತ್ತ ಕೈತೋರಿಸುತ್ತವೆ. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ ಎಂಬ ಗಾದೆ ಇಂಥಲ್ಲಿಯೇ ಹುಟ್ಟಿರಬೇಕು.

ಬೇಕಾಗಿರುವುದು ದೊಡ್ಡ ಕಟ್ಟಡಗಳಲ್ಲ. ಪ್ರತಿ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ತಿಂಗಳಿಗೆ ಒಂದು ದಿನ ನಾಯಿ, ಬೆಕ್ಕುಗಳಿಗೆಂದೇ ಮೀಸಲಿರಲಿ. ಆ ದಿನ ಒಂದು ಸೂಕ್ಷ್ಮದರ್ಶಕ, ಅದನ್ನು ನೋಡಬಲ್ಲ ಒಬ್ಬ ತಂತ್ರಜ್ಞ ಇದ್ದರೆ ರಕ್ತಲೇಪನ, ಮಲಪರೀಕ್ಷೆಗಳಿಗಾಗಿ ಯಾರೂ ಬೆಂಗಳೂರಿಗೆ ಓಡಬೇಕಿಲ್ಲ. ಕಾಡಂಚಿನ ಹಳ್ಳಿಗಳಲ್ಲಿ ಸಂಯುಕ್ತ ಲಸಿಕೆಯ ವೆಚ್ಚವನ್ನು ಅರಣ್ಯ ಇಲಾಖೆಯೂ ಹಂಚಿಕೊಳ್ಳಲಿ. ಖಾಸಗಿ ಚಿಕಿತ್ಸಾಲಯಗಳು ದರಪಟ್ಟಿಯನ್ನು ಗೋಡೆಯ ಮೇಲೆ ಹಾಕಲಿ. ಸಾವಿರಾರು ರೂಪಾಯಿ ತೆತ್ತು ಮರಿ ತರುವವರು ಮುಂದಿನ ಹತ್ತು ಹನ್ನೆರಡು ವರ್ಷಗಳ ವೆಚ್ಚವನ್ನೂ ಅಂದೇ ಲೆಕ್ಕ ಹಾಕಲಿ. ಹಾಗೆ ಲೆಕ್ಕ ಹಾಕಿದವರು ಕಾಯಿಲೆ ಬಿದ್ದ ನಾಯಿಯನ್ನು ಹೆದ್ದಾರಿಯ ಬದಿಗೆ ಇಳಿಸಿ ಹೋಗುವ ಸಂಭವ ಕಡಿಮೆ.

ನಾಯಿಯನ್ನು ನಿಯತ್ತಿಗೆ ಹೆಸರಾದ ಪ್ರಾಣಿ ಎಂದು ಹೊಗಳುವುದಕ್ಕೆ ನಮಗೆ ಖರ್ಚಿಲ್ಲ. ಆ ನಿಯತ್ತಿಗೆ ಪ್ರತಿಯಾಗಿ ನಾವು ಕೊಡಬೇಕಾದದ್ದು ದಿನಕ್ಕೆ 10 ರೂಪಾಯಿ ಮತ್ತು ಒಂದು ಹನಿ ರಕ್ತವನ್ನು ನೋಡುವಷ್ಟು ವ್ಯವಧಾನ. ಅದನ್ನು ದುಂದುವೆಚ್ಚವೆಂದು ಕರೆಯಲು ನನಗೆ ಮನಸ್ಸಾಗದು.