ವೈದ್ಯ-ವಿಜ್ಞಾನಿಗಳ ಸಂಶೋಧನಾ ಫೆಲೋಶಿಪ್

ವೈದ್ಯ-ವಿಜ್ಞಾನಿಗಳ ಸಂಶೋಧನಾ ಫೆಲೋಶಿಪ್ ಎಂಬುದು ರೋಗಿಗಳ ಚಿಕಿತ್ಸೆಯ ಜೊತೆಗೆ ವೈಜ್ಞಾನಿಕ ಸಂಶೋಧನೆಯಲ್ಲೂ ತೊಡಗಲು ತರಬೇತಿ ಪಡೆಯುವ ವೈದ್ಯರಿಗೆ ನೀಡಲಾಗುವ ಹಣಕಾಸಿನ ನೆರವು. ಇದು ವೇತನ ಅಥವಾ ಶಿಷ್ಯವೇತನವನ್ನೂ, ಹಲವು ಸಂದರ್ಭಗಳಲ್ಲಿ ಸಂಶೋಧನಾ ವೆಚ್ಚವನ್ನೂ ಒಳಗೊಂಡಿರುತ್ತದೆ. ಭಾರತದಲ್ಲಿ ಇಂತಹ ನೆರವು ಎಂ.ಬಿ.ಬಿ.ಎಸ್. ವ್ಯಾಸಂಗದ ಕಾಲದಿಂದಲೇ ಹಂತಹಂತವಾಗಿ ಲಭ್ಯವಿದೆ.

ಹಿನ್ನೆಲೆ

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 1964ರಲ್ಲಿ ಎಂ.ಡಿ. ಮತ್ತು ಪಿಎಚ್.ಡಿ. ಪದವಿಗಳನ್ನು ಒಟ್ಟಾಗಿ ಪಡೆಯುವ ತರಬೇತಿಗೆ ಧನಸಹಾಯ ನೀಡಲು ಆರಂಭಿಸಿದವು. 1979ರಲ್ಲಿ ಜೇಮ್ಸ್ ವಿಂಗಾರ್ಡನ್ ಅವರು ಸಂಶೋಧನೆ ನಡೆಸುವ ವೈದ್ಯರನ್ನು ಅಳಿವಿನಂಚಿನ ಪ್ರಭೇದಕ್ಕೆ ಹೋಲಿಸಿ ಬರೆದ ಲೇಖನ ವ್ಯಾಪಕ ಚರ್ಚೆಗೆ ಕಾರಣವಾಯಿತು. ಅದೇ ವರ್ಷ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು (ಐಸಿಎಂಆರ್) ವೈದ್ಯಕೀಯ ವಿದ್ಯಾರ್ಥಿಗಳಿಗಾಗಿ ಅಲ್ಪಾವಧಿ ವಿದ್ಯಾರ್ಥಿವೇತನ ಯೋಜನೆಯನ್ನು (ಎಸ್‌ಟಿಎಸ್) ಪ್ರಾರಂಭಿಸಿತು.

ನೆರವಿನ ಹಂತಗಳು

ವಿದ್ಯಾರ್ಥಿ ಹಂತ: ಎಸ್‌ಟಿಎಸ್ ಯೋಜನೆಯಲ್ಲಿ ವಿದ್ಯಾರ್ಥಿಯು ತನ್ನ ಕಾಲೇಜಿನ ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಎರಡು ತಿಂಗಳ ಅವಧಿಯ ಚಿಕ್ಕ ಅಧ್ಯಯನ ನಡೆಸುತ್ತಾನೆ. ವರದಿ ಅಂಗೀಕೃತವಾದ ನಂತರವಷ್ಟೇ ಹಣ ಮತ್ತು ಪ್ರಮಾಣಪತ್ರ ದೊರೆಯುವುದರಿಂದ ಅಧ್ಯಯನದ ವೆಚ್ಚವನ್ನು ಮೊದಲೇ ಭರಿಸಬೇಕಾಗುತ್ತದೆ.

ಸ್ನಾತಕೋತ್ತರ ಹಂತ: ಎಂ.ಡಿ. ಮತ್ತು ಎಂ.ಎಸ್. ವಿದ್ಯಾರ್ಥಿಗಳಿಗೆ ಪ್ರಬಂಧ ಕಡ್ಡಾಯ. ಇದಕ್ಕೆ ಐಸಿಎಂಆರ್ ಧನಸಹಾಯ ನೀಡುತ್ತದೆ. ಕರ್ನಾಟಕದಲ್ಲಿ 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ತನ್ನ ಸಂಯೋಜಿತ ಕಾಲೇಜುಗಳ ಅಧ್ಯಾಪಕರು ಹಾಗೂ ವಿದ್ಯಾರ್ಥಿಗಳಿಗೆ ಸಂಶೋಧನಾ ಅನುದಾನ ನೀಡುತ್ತದೆ.

ಸ್ವತಂತ್ರ ಸಂಶೋಧನೆಯ ಹಂತ: ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ 2008ರಲ್ಲಿ ಒಟ್ಟುಗೂಡಿ ಸ್ಥಾಪಿಸಿದ ಇಂಡಿಯಾ ಅಲಯನ್ಸ್, ವೈದ್ಯರು ಮತ್ತು ಸಾರ್ವಜನಿಕ ಆರೋಗ್ಯ ಸಂಶೋಧಕರಿಗೆ ಪ್ರತ್ಯೇಕ ಫೆಲೋಶಿಪ್‌ಗಳನ್ನು ನೀಡುತ್ತ ಬಂದಿದೆ. ಇವು ಸಾಮಾನ್ಯವಾಗಿ ಐದು ವರ್ಷಗಳ ಅವಧಿಯವು. ಪ್ರಾಥಮಿಕ ಅರ್ಜಿ, ಪೂರ್ಣ ಅರ್ಜಿ ಮತ್ತು ಸಂದರ್ಶನದ ಮೂಲಕ ಆಯ್ಕೆ ನಡೆಯುತ್ತದೆ.

ಕರ್ನಾಟಕದ ಉದಾಹರಣೆಗಳು

ಬೆಂಗಳೂರಿನ ಗಿರಿಧರ ಬಾಬು ಅವರು ಇಂಡಿಯಾ ಅಲಯನ್ಸ್ ಫೆಲೋಶಿಪ್‌ನ ನೆರವಿನಿಂದ, ಗರ್ಭಿಣಿಯರ ರಕ್ತದ ಸಕ್ಕರೆ ಮಟ್ಟ ಮಕ್ಕಳ ಮೇಲೆ ಬೀರುವ ಪರಿಣಾಮವನ್ನು ಗುರುತಿಸುವ ‘ಮಾಸ್ತಿ’ ಅಧ್ಯಯನವನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಕೈಗೊಂಡರು. ಎನ್. ಎಸ್. ಪ್ರಶಾಂತ್ ಅವರ ಫೆಲೋಶಿಪ್ ಆದಿವಾಸಿ ಸಮುದಾಯಗಳ ಆರೋಗ್ಯ ಅಸಮಾನತೆಯನ್ನು ಕುರಿತದ್ದು. ದೊಡ್ಡ ಪ್ರಯೋಗಾಲಯಕ್ಕಿಂತ ಸಾರ್ವಜನಿಕ ಆಸ್ಪತ್ರೆ ಹಾಗೂ ಸಮುದಾಯಗಳಲ್ಲಿ ಹುಟ್ಟಿದ ಪ್ರಶ್ನೆಗಳೇ ಈ ಎರಡೂ ಅಧ್ಯಯನಗಳ ಆಧಾರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ವೈದ್ಯ-ವಿಜ್ಞಾನಿಗಳ ತರಬೇತಿಯನ್ನು ಗುರಿಯಾಗಿಸಿ ಸ್ನಾತಕೋತ್ತರ ವೈದ್ಯಕೀಯ ಶಾಲೆಯನ್ನು ಯೋಜಿಸಿದ್ದು, ಅದರ ಆಸ್ಪತ್ರೆಗೆ 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು 425 ಕೋಟಿ ರೂಪಾಯಿ ದೇಣಿಗೆ ಘೋಷಿಸಿದರು.

ಅರ್ಜಿಯ ಸಿದ್ಧತೆ

ಅರ್ಜಿಯ ತಿರುಳು ಸಂಶೋಧನಾ ಪ್ರಸ್ತಾವನೆ. ಅದರಲ್ಲಿ ಒಂದು ಸ್ಪಷ್ಟ ಪ್ರಶ್ನೆ, ಈಗಾಗಲೇ ತಿಳಿದಿರುವ ಸಂಗತಿಗಳ ಸಮೀಕ್ಷೆ, ಅಧ್ಯಯನದ ವಿಧಾನ, ಅಗತ್ಯ ರೋಗಿಗಳ ಸಂಖ್ಯೆಯ ಲೆಕ್ಕಾಚಾರ, ವೇಳಾಪಟ್ಟಿ ಮತ್ತು ಆಯವ್ಯಯ ಇರಬೇಕು. ಮನುಷ್ಯರನ್ನು ಒಳಗೊಂಡ ಅಧ್ಯಯನಕ್ಕೆ ಸಾಂಸ್ಥಿಕ ನೈತಿಕ ಸಮಿತಿಯ ಒಪ್ಪಿಗೆ ಅವಶ್ಯಕ. ಈ ಕುರಿತು ಐಸಿಎಂಆರ್ 2017ರಲ್ಲಿ ಮಾರ್ಗಸೂಚಿ ಪ್ರಕಟಿಸಿದೆ. ಚಿಕಿತ್ಸೆಯ ಪರೀಕ್ಷಾರ್ಥ ಪ್ರಯೋಗವಾದರೆ ಭಾರತೀಯ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಮುಂಚಿತವಾಗಿ ದಾಖಲಿಸಬೇಕು. ಜೊತೆಗೆ ಆತಿಥೇಯ ಸಂಸ್ಥೆಯು ಸ್ಥಳ, ಸೌಲಭ್ಯ ಮತ್ತು ಸಂಶೋಧನೆಗೆ ಮೀಸಲಾದ ಸಮಯವನ್ನು ಒದಗಿಸುವ ಭರವಸೆ ನೀಡಬೇಕಾಗುತ್ತದೆ.

ಕಲ್ಯಾಣ ಕರ್ನಾಟಕದಲ್ಲಿ

ಬೀದರ ಜಿಲ್ಲೆಯ ಕೊಡಂಬಲ, ಹುಮನಾಬಾದ್, ಬಸವಕಲ್ಯಾಣ ಮುಂತಾದ ಊರುಗಳ ವಿದ್ಯಾರ್ಥಿಗಳಿಗೆ ಜಿಲ್ಲಾ ಕೇಂದ್ರದಲ್ಲಿರುವ ಬೀದರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಬ್ರಿಮ್ಸ್) ಮತ್ತು ಕಲಬುರಗಿಯ ವೈದ್ಯಕೀಯ ಕಾಲೇಜುಗಳು ಹತ್ತಿರದವು. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಈ ಪ್ರದೇಶದ ವಿದ್ಯಾಸಂಸ್ಥೆಗಳಲ್ಲಿ ಸ್ಥಳೀಯರಿಗೆ ಸೀಟುಗಳ ಮೀಸಲಾತಿ ಇದೆ. ಆದರೆ ಅದು ಕಾಲೇಜು ಪ್ರವೇಶಕ್ಕೆ ಸಂಬಂಧಿಸಿದ್ದು. ರಾಷ್ಟ್ರಮಟ್ಟದ ಸಂಶೋಧನಾ ಫೆಲೋಶಿಪ್‌ಗಳಿಗೆ ಅನ್ವಯಿಸುವುದಿಲ್ಲ. ಅಲ್ಲಿ ಬೀದರಿನ ಅಭ್ಯರ್ಥಿಯು ಬೆಂಗಳೂರು, ದೆಹಲಿ, ವೆಲ್ಲೂರುಗಳ ಅಭ್ಯರ್ಥಿಗಳೊಂದಿಗೆ ಸ್ಪರ್ಧಿಸಬೇಕು.

ಸಂಶೋಧನಾನುಭವವುಳ್ಳ ಮಾರ್ಗದರ್ಶಕರು, ನಿಯಮಿತವಾಗಿ ಸಭೆ ಸೇರುವ ನೈತಿಕ ಸಮಿತಿ ಹಾಗೂ ಕರ್ತವ್ಯದ ನಡುವೆ ದೊರೆಯುವ ಬಿಡುವು ಇಲ್ಲದಿದ್ದರೆ ಉತ್ತಮ ಪ್ರಶ್ನೆಯೂ ಅರ್ಜಿಯಾಗಿ ರೂಪುಗೊಳ್ಳುವುದು ಕಷ್ಟ. ಒಂದು ಹಂತದ ಕೆಲಸವೇ ಮುಂದಿನ ಹಂತಕ್ಕೆ ಪುರಾವೆಯಾಗುವುದರಿಂದ, ಎಂ.ಬಿ.ಬಿ.ಎಸ್. ಕಾಲದಲ್ಲಿ ತಪ್ಪಿಹೋದ ಅವಕಾಶ ಮುಂದೆಯೂ ಹಿನ್ನಡೆಯಾಗಬಹುದು. ಈ ಅಂತರವನ್ನು ಭಾಗಶಃ ತುಂಬುವ ಮಾರ್ಗಗಳೂ ಇವೆ. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯ ಜೈವಿಕ-ವೈದ್ಯಕೀಯ ಸಂಶೋಧನೆಯ ಮೂಲ ಕೋರ್ಸನ್ನು ಆನ್‌ಲೈನ್‌ನಲ್ಲಿ ಕಲಿಯಬಹುದು. ದೂರದ ಸಂಸ್ಥೆಯ ಪರಿಣತರನ್ನು ಸಹ-ಮಾರ್ಗದರ್ಶಕರನ್ನಾಗಿ ಕೋರಬಹುದು. ಜಿಲ್ಲಾ ಆಸ್ಪತ್ರೆಗೆ ಬರುವ ರೋಗಿಗಳ ದಾಖಲೆಗಳು, ನೈತಿಕ ಸಮಿತಿಯ ಒಪ್ಪಿಗೆ ಪಡೆದು ಬಳಸಿದಲ್ಲಿ, ಕಡಿಮೆ ವೆಚ್ಚದ ಮೊದಲ ಅಧ್ಯಯನಕ್ಕೆ ಆಧಾರವಾಗಬಲ್ಲವು.