ಅಗ್ಗದ ಬೆಲೆಯ ಹಿಂದಿನ ಕೈಗಳು

ಜರ್ಮನಿಯ ‘ಆಲ್ಡಿ’ ಮಳಿಗೆಗಳಲ್ಲಿ ದಿನಸಿ ಅಷ್ಟು ಅಗ್ಗವಾಗಿ ದೊರೆಯುವುದೇಕೆ? ಎಸ್ಸೆನ್ ನಗರದಲ್ಲಿ ತಾಯಿ ನಡೆಸುತ್ತಿದ್ದ ಪುಟ್ಟ ಅಂಗಡಿಯನ್ನು ಎರಡನೆಯ ಮಹಾಯುದ್ಧದ ತರುವಾಯ ವಹಿಸಿಕೊಂಡವರು ಕಾರ್ಲ್ ಮತ್ತು ಥಿಯೊ ಆಲ್ಬ್ರೆಕ್ಟ್ ಸೋದರರು. (ಸಿಗರೇಟು ಮಾರಬೇಕೆ, ಬೇಡವೆ ಎಂಬ ಜಗಳದಿಂದ 1960ರ ದಶಕದ ಆರಂಭದಲ್ಲಿ ಅವರು ಪಾಲಾದದ್ದು ಬೇರೆಯೇ ಕಥೆ!) ಅವರಲ್ಲಿ ಸರಕಿನ ಬಗೆಗಳು ಕಡಿಮೆ, ಅಲಂಕಾರವಿಲ್ಲ, ರಟ್ಟಿನ ಪೆಟ್ಟಿಗೆಯ ಬಾಯಿ ಕತ್ತರಿಸಿ ಹಾಗೆಯೇ ಇಟ್ಟರಾಯಿತು.

ಆದರೆ ಹೆಚ್ಚಿನ ಉಳಿತಾಯವಾದದ್ದು ನೌಕರರ ದುಡಿಮೆಯಿಂದ. ಮಳಿಗೆಗೆ ಬೆರಳೆಣಿಕೆಯ ಜನ. ಸರಕು ಜೋಡಿಸುವವಳೂ ಅವಳೇ, ನೆಲ ಒರೆಸುವವಳೂ ಅವಳೇ, ಗಲ್ಲೆಯಲ್ಲಿ ಕುಳಿತು ಹಣ ಎಣಿಸುವವಳೂ ಅವಳೇ. ಪೊಟ್ಟಣಗಳ ಮೇಲೆ ಬೆಲೆಚೀಟಿ ಇರುತ್ತಿರಲಿಲ್ಲ. ಕೆಲವು ನೂರು ಪದಾರ್ಥಗಳ ಬೆಲೆಯನ್ನೋ ಸಂಕೇತಾಂಕವನ್ನೋ ಆಕೆ ಮಗ್ಗಿಯಂತೆ ಬಾಯಿಪಾಠ ಮಾಡಬೇಕಾಗಿತ್ತು. ಕಣ್ಣು ಸರಕಿನ ಮೇಲೆ, ಬೆರಳು ಲೆಕ್ಕದ ಯಂತ್ರದ ಮೇಲೆ. ಬೆಲೆ ಬದಲಾಯಿತೆಂದರೆ ಹಳೆಯದನ್ನು ಮರೆತು ಹೊಸದನ್ನು ಕಲಿಯಬೇಕು. ಇದನ್ನು ಕೌಶಲ ಬೇಡದ ಕೆಲಸವೆನ್ನುವವರು ಒಂದು ಗಳಿಗೆ ಆ ಪೀಠದಲ್ಲಿ ಕುಳಿತು ನೋಡಬೇಕಿತ್ತು!

2000ದ ಆಸುಪಾಸಿನಲ್ಲಿ ಬಾರ್‌ಕೋಡಿನ ಗೆರೆಗಳನ್ನು ಓದುವ ಯಂತ್ರ ಬಂದಿತು. ಪೊಟ್ಟಣವನ್ನು ತಿರುಗಿಸುವ ಕ್ಷಣವೂ ಉಳಿಯಲೆಂದು ಅದರ ಹಲವು ಮಗ್ಗುಲಿಗೆ ಗೆರೆಗಳನ್ನು ಮುದ್ರಿಸಿದರು. ನೆನಪಿನ ಹೊರೆ ಇಳಿಯಿತು, ನಿಜ. ವರ್ಷಗಟ್ಟಲೆ ರೂಢಿಸಿದ ವಿದ್ಯೆಯನ್ನು ಕೇಳುವವರೂ ಇಲ್ಲವಾದರು. ಅವಸರ ಮಾತ್ರ ಹೋಗಲಿಲ್ಲ. ಗಿರಾಕಿ ತನ್ನ ಚೀಲ ತುಂಬಿಕೊಳ್ಳುವ ಮೊದಲೇ ಅವಳ ಕೈ ಹಿಂದಿನವರ ಹಾಲಿನ ಪೊಟ್ಟಣವನ್ನು ಎತ್ತಿಕೊಂಡಿರುತ್ತದೆ.