ಪರದೇಶದಲ್ಲಿ ಬಾಯಿನೋವು

‘ಪರದೇಶಿ’ ಎಂಬ ಮಾತಿಗೆ ನಮ್ಮ ಕಡೆ ಎರಡು ಅರ್ಥಗಳುಂಟು. ಬೇರೆ ನಾಡಿನವನು ಎಂಬುದು ಒಂದು. ಕೇಳುವವರಿಲ್ಲದವನು, ಹಿಂದುಮುಂದಿಲ್ಲದವನು ಎಂಬುದು ಇನ್ನೊಂದು. ಈ ಎರಡು ಅರ್ಥಗಳೂ ಒಂದಾಗುವ ಸಂದರ್ಭಗಳು ಮನುಷ್ಯನ ಬಾಳಿನಲ್ಲಿ ಬರುವುದುಂಟು. ಪರಸ್ಥಳದಲ್ಲಿ ಕಾಯಿಲೆ ಬೀಳುವುದು ಅಂಥದೊಂದು ಸಂದರ್ಭ. ಬಂದ ಕಾಯಿಲೆ ಬಾಯಿಯ ನೋವಾದರಂತೂ ಕಷ್ಟವು ಇಮ್ಮಡಿಯಾಗುತ್ತದೆ. ಕಾಲು ನೊಂದವನು ಕುಳಿತು ಮಾತನಾಡಬಲ್ಲ, ಕೈ ನೊಂದವನು ನಡೆದು ವೈದ್ಯನ ಮನೆಗೆ ಹೋಗಬಲ್ಲ. ಬಾಯಿ ನೊಂದವನಿಗೆ ಉಣ್ಣುವುದೂ ಕಷ್ಟ, ತನ್ನ ನೋವನ್ನು ಹೇಳಿಕೊಳ್ಳುವುದೂ ಕಷ್ಟ. ಹೇಳಿಕೊಳ್ಳಬೇಕಾದ ಅಂಗವೇ ಬೇನೆಯ ಮನೆಯಾಗಿರುತ್ತದೆ.

ಹೇಮಾವತಿಯ ತೀರದ ಗೊರೂರು ರಾಮಸ್ವಾಮಿ ಅಯ್ಯಂಗಾರರು ಅಮೆರಿಕಾವನ್ನು ಕಂಡು ಬಂದು ಬರೆದ ‘ಅಮೆರಿಕಾದಲ್ಲಿ ಗೊರೂರು’ ಎಂಬ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ದೊರೆಯಿತು. ಅಂದು ಹಾಸನದ ಸೀಮೆಯ ಹಿರಿಯರೊಬ್ಬರು ಸಮುದ್ರ ದಾಟಿ ಹೋಗಿಬರುವುದೆಂದರೆ ಪುಸ್ತಕಕ್ಕೆ ವಸ್ತುವಾಗುವಷ್ಟು ದೊಡ್ಡ ವಿಷಯ. ಇಂದು ಅದೇ ಹೊಳೆಯ ಕೆಳಗಣ ಹೊಳೆನರಸೀಪುರದ ತಾಲ್ಲೂಕಿನಲ್ಲಿ, ಮಾವಿನಕೆರೆ ಬೆಟ್ಟದ ರಂಗನಾಥನಿಗೆ ಕೈಮುಗಿಯುವ ಹಳೇಕೋಟೆ ಹೋಬಳಿಯ ಹಳ್ಳಿಗಳಲ್ಲಿ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯಲ್ಲಿ, ಮಗನ ಮನೆಗೋ ಮಗಳ ಬಾಣಂತನಕ್ಕೋ ವಿಮಾನವೇರುವ ತಾಯಿತಂದೆಗಳು ಅಪರೂಪವಲ್ಲ. ಹೊರಡುವಾಗ ಹುರಿಹಿಟ್ಟು, ಚಟ್ನಿಪುಡಿ, ಉಪ್ಪಿನಕಾಯಿಗಳನ್ನು ಜೋಪಾನವಾಗಿ ಕಟ್ಟಿಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಯ ಗುಳಿಗೆಯನ್ನೂ ಮರೆಯುವುದಿಲ್ಲ. ಆದರೆ ತಮ್ಮ ನೋವನ್ನು ಹೇಳುವ ಮಾತನ್ನೂ ಕಟ್ಟಿಕೊಂಡು ಹೋಗಬೇಕೆಂಬುದು ಯಾರಿಗೂ ಹೊಳೆಯುವುದಿಲ್ಲ. ಕಾರಣ ತಿಳಿಯದ ಬಾಯಿನೋವಿನಲ್ಲಿ ಔಷಧಕ್ಕಿಂತ ಮೊದಲು ಬೇಕಾಗುವುದು ಆ ಮಾತೇ.

ಪ್ಯಾರಿಸಿನಲ್ಲಿ ಒಬ್ಬ ರೋಗಿ

ಇದಕ್ಕೆ ಮೂರೂವರೆ ಶತಮಾನದಷ್ಟು ಹಿಂದಿನ ನಿದರ್ಶನವೊಂದಿದೆ. 1677ನೆಯ ಇಸವಿಯ ಡಿಸೆಂಬರಿನಲ್ಲಿ ಪ್ಯಾರಿಸಿನಲ್ಲಿದ್ದ ಇಂಗ್ಲೆಂಡಿನ ರಾಯಭಾರಿಯ ಪತ್ನಿ, ನಾರ್ದಂಬರ್ಲೆಂಡಿನ ಕೌಂಟೆಸ್ ಎನಿಸಿದ್ದ ಮಹಿಳೆ, ಮುಖದ ಒಂದು ಪಕ್ಕದಲ್ಲಿಯೂ ಬಾಯಿಯಲ್ಲಿಯೂ ಎದ್ದ ಭೀಕರ ನೋವಿನಿಂದ ಹಾಸಿಗೆ ಹಿಡಿದಳು. ಆಕೆ ಇದ್ದದ್ದು ಪರದೇಶ. ಹಲ್ಲಿನ ನೋವೆಂದು ಭಾವಿಸಿ ಹಲ್ಲುಗಳನ್ನು ಕೀಳಿಸಿದ್ದೂ ಆಗಿತ್ತು. ನೋವು ಮಾತ್ರ ಹೋಗಲಿಲ್ಲ. ಆಗ ಕರೆ ಹೋದದ್ದು ಅದೇ ನಗರದಲ್ಲಿದ್ದ ಇಂಗ್ಲಿಷ್ ವೈದ್ಯ ಜಾನ್ ಲಾಕನಿಗೆ. ಮುಂದೆ ಮಾನವನ ಅರಿವಿನ ಸ್ವರೂಪವನ್ನು ಕುರಿತ ಮಹಾಗ್ರಂಥದಿಂದ ಜಗತ್ಪ್ರಸಿದ್ಧನಾದ ತತ್ತ್ವಜ್ಞಾನಿ ಈತನೇ.

ಲಾಕನಿಗೂ ಇದು ಯಾವ ರೋಗವೆಂದು ತಿಳಿಯಲಿಲ್ಲ. ಆದರೆ ಆತ ಒಂದು ವಿವೇಕದ ಕೆಲಸವನ್ನು ಮಾಡಿದ. ರೋಗಿಯ ಬಳಿ ಕುಳಿತು, ಆಕೆಯ ಬಾಯಿಂದ ಬಂದ ವರ್ಣನೆಯನ್ನು ಆಕೆಯ ಮಾತಿನಲ್ಲಿಯೇ ಬರೆದುಕೊಂಡು, ಲಂಡನ್ನಿನ ವೈದ್ಯಮಿತ್ರ ಮೇಪಲ್‌ಟಾಫ್ಟನಿಗೆ ಪತ್ರಮುಖೇನ ತಿಳಿಸಿದ. ನೋವು ಸದಾ ಇರುವುದಿಲ್ಲ. ಇದ್ದಕ್ಕಿದ್ದಂತೆ ಬೆಂಕಿಯ ಮಿಂಚು ಹೊಡೆದಂತೆ ಬರುತ್ತದೆ, ಬಂದಷ್ಟೇ ಬೇಗ ಹೋಗುತ್ತದೆ. ಮಾತನಾಡಲು ಬಾಯಿ ತೆರೆದರೆ ಮತ್ತೆ ಬರುತ್ತದೆ, ಬಂದಾಗ ಬಾಯಿ ಒಂದು ಕಡೆಗೆ ಸೆಳೆಯುತ್ತದೆ ಎಂಬುದು ಆ ವರ್ಣನೆಯ ಸಾರ. ಆ ಕಾಲದ ಪದ್ಧತಿಯಂತೆ ಆತ ಕೊಟ್ಟ ಭೇದಿಯ ಔಷಧಕ್ಕೆ ಇಂದು ಯಾರೂ ಬೆಲೆ ಕೊಡುವುದಿಲ್ಲ. ಆದರೆ ಆತ ಬರೆದಿಟ್ಟ ವಿವರವನ್ನು ಓದಿದ ಇಂದಿನ ವೈದ್ಯರು ರೋಗವನ್ನು ಹೆಸರು ಹಿಡಿದು ಹೇಳಬಲ್ಲರು.

ಐದನೆಯ ನರ

ಆ ಹೆಸರು ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಮೆದುಳಿನಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಐದನೆಯದು ಕವಲೊಡೆದು ಮೂರಾಗಿ, ಹಣೆ ಮತ್ತು ಕಣ್ಣಿಗೆ ಒಂದು, ಕೆನ್ನೆ ಮತ್ತು ಮೇಲ್ದವಡೆಗೆ ಒಂದು, ಕೆಳದವಡೆಗೆ ಒಂದು ಎಂಬಂತೆ ಹರಡುತ್ತದೆ. ಹಲ್ಲು, ವಸಡು, ತುಟಿಗಳ ಸುದ್ದಿಯೆಲ್ಲ ಈ ದಾರಿಯಿಂದಲೇ ಮೆದುಳಿಗೆ ಹೋಗಬೇಕು. ಅನೇಕರಲ್ಲಿ ಈ ನರದ ಬುಡಕ್ಕೆ ರಕ್ತನಾಳವೊಂದು ಒತ್ತಿಕೊಂಡು ನರದ ಹೊದಿಕೆ ಸವೆಯುತ್ತದೆ. ಆಮೇಲೆ ಮುಖ ತೊಳೆದದ್ದು, ಹಲ್ಲುಜ್ಜಿದ್ದು, ತಂಗಾಳಿ ಸೋಕಿದ್ದು, ಒಂದು ತುತ್ತು ಅಗಿದದ್ದು ಇಂಥ ಅಲ್ಪ ಕಾರಣಗಳೂ ಸಿಡಿಲಿನಂಥ ನೋವನ್ನೆಬ್ಬಿಸುತ್ತವೆ. ನೋವು ಕೆಲವು ಕ್ಷಣದಿಂದ ಎರಡು ನಿಮಿಷದವರೆಗೆ ಇರುತ್ತದೆ. ಐವತ್ತು ದಾಟಿದವರಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಚಳಿಯ ದೇಶಕ್ಕೆ ಹೋಗಿ, ಮನೆಯ ಬೆಚ್ಚಗಿನಿಂದ ಬೀದಿಯ ಕೊರೆಯುವ ಗಾಳಿಗೆ ಕೆನ್ನೆಯೊಡ್ಡಿದಾಗ ಮೊದಲ ಬಾರಿಗೆ ಇದು ತಲೆಯೆತ್ತಿದರೆ ಆಶ್ಚರ್ಯವಿಲ್ಲ.

ಫ್ರಾನ್ಸಿನ ನಿಕೊಲಾ ಆಂಡ್ರೆ 1756ರಲ್ಲಿ ಈ ಬೇನೆಗೆ ಹೆಸರಿಟ್ಟ; ಇಂಗ್ಲೆಂಡಿನ ಜಾನ್ ಫಾದರ್ಗಿಲ್ 1773ರಲ್ಲಿ ಇದನ್ನು ವಿಶದವಾಗಿ ವರ್ಣಿಸಿದ. ಫಲಕಾರಿಯಾದ ಮದ್ದು ದೊರೆತದ್ದು ಬಹಳ ತಡವಾಗಿ. ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪಿನ್ ಎಂಬ ಔಷಧ ಇದನ್ನು ತಡೆಯುತ್ತದೆಂಬುದು 1962ರಲ್ಲಿ ಪ್ರಕಟವಾಯಿತು. ಸಾಧಾರಣ ನೋವಿನ ಗುಳಿಗೆಗಳು ಇಲ್ಲಿ ಹೆಚ್ಚು ಕೆಲಸ ಮಾಡುವುದಿಲ್ಲ. ಹಾಗೆಂದು ಕಾರ್ಬಮಜೆಪಿನ್ನನ್ನು ತಾವಾಗಿ ತೆಗೆದುಕೊಳ್ಳತಕ್ಕದ್ದಲ್ಲ. ಏಷ್ಯಾ ಮೂಲದ ಕೆಲವರಲ್ಲಿ ಇದು ಪ್ರಾಣಕ್ಕೇ ಎರವಾಗುವಂಥ ಚರ್ಮವಿಕಾರವನ್ನುಂಟುಮಾಡಬಹುದಾದುದರಿಂದ ಮೊದಲೇ ರಕ್ತಪರೀಕ್ಷೆ ಮಾಡಿಸುವ ಕ್ರಮವಿದೆ. ಮದ್ದು ನಾಟದಿದ್ದಲ್ಲಿ ಶಸ್ತ್ರಚಿಕಿತ್ಸೆಯ ಮಾರ್ಗವೂ ಇದೆ.

ಈ ರೋಗಕ್ಕೆ ಇನ್ನೊಂದು ಮೋಸದ ಗುಣವಿದೆ. ಅದು ವಾರಗಟ್ಟಲೆ, ತಿಂಗಳುಗಟ್ಟಲೆ ತಾನಾಗಿಯೇ ಮರೆಯಾಗುತ್ತದೆ. ಆ ಬಿಡುವಿಗೆ ಸ್ವಲ್ಪ ಮುಂಚೆ ಒಂದು ಹಲ್ಲು ಕೀಳಿಸಿದ್ದರೆ, ಹಲ್ಲು ಹೋದದ್ದರಿಂದಲೇ ನೋವು ಹೋಯಿತೆಂದು ರೋಗಿಯೂ ನಂಬುತ್ತಾನೆ, ನೆಂಟರೂ ನಂಬುತ್ತಾರೆ. ನೋವು ಮರಳಿದಾಗ ಮಗ್ಗುಲ ಹಲ್ಲಿನ ಸರದಿ. ಹೀಗೆ ನಿರಪರಾಧಿಯಾದ ಹಲ್ಲುಗಳು ಒಂದೊಂದಾಗಿ ದಂಡ ತೆರುತ್ತವೆ.

ಒಂದೇ ಬಾಯಿ, ಹಲವು ನೋವು

ಬಾಯಿನೋವೆಲ್ಲ ನರದ ನೋವೇ ಎಂದು ಭ್ರಮಿಸಬಾರದು. ಬಹುಪಾಲು ನೋವು ಹಲ್ಲಿನಿಂದಲೇ ಬರುವುದು. ಹುಳುಕು ಒಳಗಿನ ಮಜ್ಜೆಯನ್ನು ಮುಟ್ಟಿದಾಗ ಬಿಸಿಗೂ ತಣ್ಣಗಿನದಕ್ಕೂ ನೋವೇಳುತ್ತದೆ, ರಾತ್ರಿ ಮಲಗಿದರೆ ತಾಳ ಹಾಕಿದಂತೆ ಬಡಿಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣಗೆ ಸೀಳಿದ ದವಡೆಹಲ್ಲು ಕಚ್ಚಿದಾಗಲೋ ಕಚ್ಚಿ ಬಿಟ್ಟಾಗಲೋ ಚುಚ್ಚುತ್ತದೆ. ಛಾಯಾಚಿತ್ರದಲ್ಲಿ ಎಷ್ಟೋ ಸಲ ಅದರ ಸುಳಿವು ಸಿಕ್ಕುವುದಿಲ್ಲ.

ವಿಮಾನದಲ್ಲಿ ಮಾತ್ರ ಬರುವ ನೋವೊಂದಿದೆ. ಆಕಾಶದಲ್ಲಿ ಸಾಗುವಾಗ ವಿಮಾನದ ಒಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಸ್ಥಳದಲ್ಲಿರುವಷ್ಟು ಇರುತ್ತದೆ. ಎಂದರೆ ಪ್ರಯಾಣಿಕನು ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಕುಳಿತಂತೆಯೇ. ಊತಗೊಂಡ ಮಜ್ಜೆಯಿರುವ ಅಥವಾ ತುಂಬಿದ ಸಿಮೆಂಟು ಸಡಿಲವಾದ ಹಲ್ಲು ಈ ಏರಿಳಿತವನ್ನು ತಡೆಯಲಾರದು. ನೆಗಡಿಯಿಂದ ಕೆನ್ನೆಯೆಲುಬಿನ ಗಾಳಿಕೋಣೆ ಕಟ್ಟಿಕೊಂಡಿದ್ದರೆ ವಿಮಾನ ಇಳಿಯುವಾಗ ಮೇಲಿನ ದವಡೆಹಲ್ಲುಗಳೆಲ್ಲ ಒಟ್ಟಿಗೆ ನೋಯುವುದೂ ಉಂಟು. ನೆಲ ಮುಟ್ಟಿದ ಮೇಲೆ ನೋವು ಇಳಿಯಿತೆಂದು ಸುಮ್ಮನಿರದೆ, ಮರುಪ್ರಯಾಣಕ್ಕೆ ಮುನ್ನ ಹಲ್ಲನ್ನು ತೋರಿಸುವುದು ಲೇಸು.

ಇನ್ನು ಉರಿ. ನಾಲಗೆಯ ಮೇಲೆ ಹುಣ್ಣಿಲ್ಲ, ಕೆಂಪಿಲ್ಲ. ಆದರೂ ಬಿಸಿ ನೀರಿನಲ್ಲಿ ಬೆಂದಂತೆ ದಿನವಿಡೀ ಉರಿ. ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚಾಗಿ ಕಾಣುವ ಈ ಬಾಧೆಯನ್ನು ಮನಸ್ಸಿನ ಭ್ರಮೆಯೆಂದು ತಳ್ಳಿಹಾಕುವವರುಂಟು. ಅದು ಅನ್ಯಾಯ. ರಕ್ತದಲ್ಲಿ ಕಬ್ಬಿಣ ಅಥವಾ ಬಿ12 ಜೀವಸತ್ತ್ವದ ಕೊರತೆ, ಸಕ್ಕರೆ ಕಾಯಿಲೆ, ಥೈರಾಯಿಡ್ ದೋಷ ಇವುಗಳನ್ನು ಮೊದಲು ಪರೀಕ್ಷಿಸಬೇಕು. ಯಾವುದೂ ಇಲ್ಲವಾದರೆ ಅದು ಅಲ್ಲಿಯ ನರಗಳದೇ ದೋಷವೆಂದು ತಿಳಿಯುತ್ತಾರೆ.

ನಮ್ಮವರು ವಿಶೇಷವಾಗಿ ನೆನಪಿಡಬೇಕಾದ ಉರಿ ಬೇರೊಂದಿದೆ. ಬಹುಕಾಲ ಎಲೆಅಡಿಕೆ ಹಾಕಿದವರಿಗೆ ಕೆನ್ನೆಯ ಒಳಪದರ ಗಡುಸಾಗಿ, ಖಾರ ಸೋಕಿದರೆ ಉರಿದು, ಬರಬರುತ್ತ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಇದು ಅರ್ಬುದಕ್ಕೆ ತಿರುಗಬಲ್ಲದು. ಅಡಿಕೆ ಅಗಿಯುವ ರೂಢಿಯಿಲ್ಲದ ನಾಡಿನ ವೈದ್ಯನಿಗೆ ಇದು ಪರಿಚಿತವಲ್ಲ. ಆತ ಕೇಳುವುದೂ ಇಲ್ಲ. ಎಲೆಅಡಿಕೆ, ಹೊಗೆಸೊಪ್ಪುಗಳ ಅಭ್ಯಾಸವನ್ನು ಸಂಕೋಚವಿಲ್ಲದೆ ರೋಗಿಯೇ ಹೇಳಬೇಕು.

ಕೊನೆಯದಾಗಿ, ಬಾಯಿಯದಲ್ಲದ ಬಾಯಿನೋವು. ನಾಲ್ಕು ಮೆಟ್ಟಿಲು ಹತ್ತಿದರೆ ಕೆಳದವಡೆ ನೋಯುವುದು, ಕುಳಿತರೆ ನಿಲ್ಲುವುದು, ಜೊತೆಗೆ ಬೆವರು, ಏದುಸಿರು ಕಂಡರೆ ದೋಷವಿರುವುದು ಹಲ್ಲಿನಲ್ಲಲ್ಲ, ಹೃದಯದಲ್ಲಿ. ಅರುವತ್ತರ ಆಸುಪಾಸಿನವರಿಗೆ ಅಗಿಯುವಾಗ ದವಡೆ ಸೋತು ನೋಯುವುದರ ಜೊತೆಗೆ ಕಣತಲೆಯ ಶೂಲೆಯೂ ಕಣ್ಣಿನ ಮಂಜೂ ಸೇರಿದರೆ ರಕ್ತನಾಳದ ಉರಿಯೂತವಿರಬಹುದು. ತಡಮಾಡಿದರೆ ದೃಷ್ಟಿ ಹೋದೀತು. ಜ್ವರ ಬಂದು ನಾಲಗೆಯ ಅಡಿ ಅಥವಾ ಕುತ್ತಿಗೆ ಬಾತು ನುಂಗುವುದು ಕಷ್ಟವಾದರೂ ಹಾಗೆಯೇ. ಈ ಮೂರರಲ್ಲಿ ಬೆಳಗಾಗುವವರೆಗೆ ಕಾಯತಕ್ಕದ್ದಲ್ಲ.

ಮಾತಿನ ಬೆಲೆ

ಇವುಗಳಲ್ಲಿ ಎಷ್ಟೋ ನೋವುಗಳನ್ನು ಒಂದರಿಂದ ಒಂದನ್ನು ಬೇರ್ಪಡಿಸುವುದು ಯಂತ್ರಕ್ಕಿಂತ ಹೆಚ್ಚಾಗಿ ರೋಗಿಯ ವರ್ಣನೆ. ಇಂಗ್ಲಿಷ್ ಲೇಖಕಿ ವರ್ಜಿನಿಯಾ ವುಲ್ಫ್ 1926ರ ತನ್ನ ಪ್ರಬಂಧವೊಂದರಲ್ಲಿ, ಬೇನೆಯನ್ನು ಹೇಳಲು ತನ್ನ ಭಾಷೆಗಿರುವ ಬಡತನವನ್ನು ಕುರಿತು ಮರುಗಿದಳು. ಆ ಕೊರತೆ ವೈದ್ಯರನ್ನೂ ಕಾಡಿರಬೇಕು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ನೋವನ್ನು ಬಣ್ಣಿಸುವ 78 ಪದಗಳನ್ನು ಗುಂಪುಗೂಡಿಸಿ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಅನೇಕ ದೇಶಗಳ ವೈದ್ಯರು ಅದನ್ನು ಬಳಸುತ್ತ ಬಂದಿದ್ದಾರೆ.

ನಮ್ಮ ಹಳ್ಳಿಯ ತಾಯಂದಿರಿಗೆ ಈ ಪದಗಳ ಬಡತನವಿಲ್ಲ. ಉರಿ ಬೇರೆ, ಚುರುಚುರು ಬೇರೆ. ಸೆಳೆತ ಬೇರೆ, ಚಳುಕು ಬೇರೆ. ಹಲ್ಲು ಜುಮ್ಮೆನ್ನುವುದು ಬೇರೆ, ದವಡೆ ಸಿಡಿಯುವುದು ಬೇರೆ. ಸುಶ್ರುತ ಸಂಹಿತೆಯು ಬಾಯಿಯ ರೋಗಗಳನ್ನು ಅರುವತ್ತೈದೆಂದು ಎಣಿಸಿ, ತಂಪು ತಾಗಿದರೆ ತಾಳಲಾರದ ಹಲ್ಲಿಗೆ ‘ದಂತಹರ್ಷ’ವೆಂದು ಪ್ರತ್ಯೇಕ ಹೆಸರನ್ನೇ ಇಟ್ಟಿದೆ. ಇಷ್ಟೆಲ್ಲ ಸಂಪತ್ತು ಪರದೇಶದ ಆಸ್ಪತ್ರೆಯ ಬಾಗಿಲಲ್ಲಿ ಸೋರಿಹೋಗುತ್ತದೆ. “ಇಲ್ಲಿ ಮಿಂಚು ಹೊಡೆದ ಹಾಗಾಗುತ್ತೆ ಕಣಪ್ಪ” ಎಂದು ಅವ್ವ ಹೇಳಿದರೆ, ಅವಸರದಲ್ಲಿರುವ ಮಗ ವೈದ್ಯನಿಗೆ ‘ಪೇನ್’ ಎಂದಷ್ಟೇ ಹೇಳುತ್ತಾನೆ. ರೋಗದ ಗುರುತು ಇದ್ದದ್ದು ಆ ಮಿಂಚಿನಲ್ಲಿ. ಅದು ವೈದ್ಯನನ್ನು ತಲುಪಲೇ ಇಲ್ಲ. ಮಗನು ಮಾಡಬೇಕಾದದ್ದು ತಾಯಿಯ ಉಪಮೆಯನ್ನು ಹಾಗೆಯೇ ದಾಟಿಸುವುದು. ಅದು ಸಾಧ್ಯವಾಗದಿದ್ದರೆ ದುಭಾಷಿಯನ್ನು ಕೇಳಬಹುದು. ಅಮೆರಿಕಾದಲ್ಲಿ ಕೇಂದ್ರ ಸರ್ಕಾರದ ನೆರವು ಪಡೆಯುವ ಆಸ್ಪತ್ರೆಗಳು ರೋಗಿಗೆ ಭಾಷೆಯ ಸಹಾಯವನ್ನು ಉಚಿತವಾಗಿ ಒದಗಿಸಬೇಕೆಂಬ ನಿಯಮವಿದೆ.

ಎಲ್ಲಕ್ಕಿಂತ ದೊಡ್ಡ ಅಡ್ಡಿ ಮೌನ. ಮಗನಿಗೆ ಖರ್ಚಾದೀತು, ಸೊಸೆ ಕೆಲಸಕ್ಕೆ ರಜ ಹಾಕಬೇಕಾದೀತು ಎಂದು ಹಿರಿಯರು ನೋವನ್ನು ಮುದ್ದೆಯಂತೆ ಅಗಿಯದೆ ನುಂಗುತ್ತಾರೆ. ಗಟ್ಟಿ ರೊಟ್ಟಿಯನ್ನು ಹಿಂದೆ ಸರಿಸಿ, ಹಸಿವಿಲ್ಲವೆನ್ನುತ್ತಾರೆ. ಮಾತು ಕಡಿಮೆಯಾಗುತ್ತದೆ. ಊರಿನ ನೆನಪಾಗಿರಬೇಕೆಂದು ಮಕ್ಕಳು ಭಾವಿಸುತ್ತಾರೆ. ಉಣ್ಣುವುದನ್ನೂ ಮಾತನ್ನೂ ಒಟ್ಟಿಗೆ ಬಿಟ್ಟ ತಾಯಿಯನ್ನು ಒಂದು ಸಲ ‘ಬಾಯಿ ನೋಯುತ್ತದೆಯೇ’ ಎಂದು ಕೇಳುವುದು ಮಕ್ಕಳ ಕರ್ತವ್ಯ.

ಹೊರಡುವ ಮುನ್ನ

ಪ್ರಯಾಣಕ್ಕೆ ಒಂದೆರಡು ತಿಂಗಳ ಮೊದಲೇ ಹಾಸನದಲ್ಲಿಯೋ ಹತ್ತಿರದ ಊರಿನಲ್ಲಿಯೋ ದಂತವೈದ್ಯರಿಗೆ ಬಾಯಿ ತೋರಿಸಿ, ಹುಳುಕು, ಸಡಿಲಗಳನ್ನು ಸರಿಪಡಿಸಿಕೊಳ್ಳಬೇಕು. ಪ್ರವಾಸ ವಿಮೆಯ ಕರಾರನ್ನು ಓದಿಸಿ ತಿಳಿಯಬೇಕು. ಅನೇಕ ವಿಮೆಗಳು ಹಲ್ಲಿನ ವಿಷಯದಲ್ಲಿ ಹಠಾತ್ತಾದ ನೋವಿನ ಉಪಶಮನಕ್ಕೆ ಮಾತ್ರ, ಅದೂ ಒಂದು ಮಿತಿಯೊಳಗೆ ಹಣ ಕೊಡುತ್ತವೆ. ಮೊದಲೇ ಇದ್ದ ಕಾಯಿಲೆಯನ್ನು ಹೊರಗಿಡುತ್ತವೆ. ತುರ್ತಿಗೆ ಅಮೆರಿಕಾದಲ್ಲಿ 911, ಇಂಗ್ಲೆಂಡಿನಲ್ಲಿ 999, ಯೂರೋಪಿನ ಒಕ್ಕೂಟದ ದೇಶಗಳಲ್ಲಿ 112 ಎಂಬ ಸಂಖ್ಯೆಗಳುಂಟು. ಅಮೆರಿಕಾದಲ್ಲಿ 1986ರ ಶಾಸನದ ಪ್ರಕಾರ ಆಸ್ಪತ್ರೆಯ ತುರ್ತು ವಿಭಾಗವು ಹಣವಿದೆಯೇ ಎಂದು ನೋಡದೆ ರೋಗಿಯನ್ನು ಪರೀಕ್ಷಿಸಬೇಕು. ಬಿಲ್ಲು ಆಮೇಲೆ ಬರುವುದು ನಿಜ. ಆದರೆ ಪ್ರಾಣಭಯದ ಲಕ್ಷಣಗಳಿದ್ದಾಗ ಬಿಲ್ಲಿನ ಭಯ ದಾರಿಗೆ ಅಡ್ಡ ಬರಬಾರದು.

ನೋವು ಬಂದಾಗ ಒಂದು ಹಾಳೆಯನ್ನು ತೆಗೆದುಕೊಂಡು ಬರೆಯಬೇಕು: ಯಾವ ಪಕ್ಕ, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು, ಏನು ಮಾಡಿದರೆ ಏಳುತ್ತದೆ, ಏನು ಮಾಡಿದರೆ ತಗ್ಗುತ್ತದೆ, ನಿದ್ದೆಯಿಂದ ಎಬ್ಬಿಸುತ್ತದೆಯೇ, ಯಾವ ಯಾವ ಔಷಧಗಳನ್ನು ಸೇವಿಸುತ್ತಿದ್ದೇವೆ, ಎಲೆಅಡಿಕೆಯ ರೂಢಿ ಎಷ್ಟು ವರ್ಷದ್ದು. ಮೇಲಿನ ಸಾಲು ಕನ್ನಡದಲ್ಲಿ ರೋಗಿಯ ಬಾಯಿಂದ ಬಂದಂತೆಯೇ ಇರಲಿ, ಕೆಳಗಿನ ಸಾಲಿನಲ್ಲಿ ಮಕ್ಕಳು ಅದರ ಇಂಗ್ಲಿಷನ್ನು ಬರೆಯಲಿ. ಕಾರಣ ಖಚಿತವಾಗಿ ತಿಳಿಯುವವರೆಗೆ ಹಲ್ಲು ಕೀಳಿಸಲು ಅವಸರ ಬೇಡ. ಕಿತ್ತ ಹಲ್ಲು ಮರಳುವುದಿಲ್ಲ. ಪ್ಯಾರಿಸಿನ ಆ ರೋಗಿಗೆ ವೈದ್ಯನು ಬಂದು ಕುಳಿತು ಆಲಿಸುವ ಮೊದಲೇ ಹಲ್ಲುಗಳು ಹೋಗಿದ್ದವು. ನಮ್ಮ ಹಿರಿಯರ ವಿಷಯದಲ್ಲಿ ಆಲಿಸುವ ಕೆಲಸ ಮೊದಲು ನಡೆಯಲಿ.